ಕೆಂಪು ಮಫ್ಲರಿನ ಗಂಟು

ಕ್ರೆಸೆನ್ಸ್ ತನ್ನ ಬೀಪರನ್ನು, ಹಿಮ ಕುಸಿದು ಹೂತುಹೋದರೆ ಪತ್ತೆಗೆಂದು ಎದೆಗೆ ಕಟ್ಟಿಕೊಳ್ಳುವ ಆ ಪುಟ್ಟ ಯಂತ್ರವನ್ನು, ಆರಿಸಲು ಮರೆತದ್ದೇ ಎಲ್ಲಕ್ಕೂ ಮೂಲ. ಕಳೆದ ಮಾರ್ಚ್‌ನಲ್ಲಿ ಗಂಡನ ಜೊತೆ ಮೇಲಿನ ಕಣಿವೆಯಿಂದ ಸ್ಕೀ ಮಾಡಿಕೊಂಡು ಬಂದವಳು, ಸುಸ್ತಾಗಿದೆ ಎಂದು ಅದನ್ನು ಹಾಗೆಯೇ ಕೆಂಪು ಮಫ್ಲರಿನಲ್ಲಿ ಸುತ್ತಿ ಗಂಟು ಹಾಕಿದಳು. ಉಣ್ಣೆಯ ಸಂದಿನಿಂದ ಹಸಿರು ದೀಪ ಮಿನುಗುತ್ತಿತ್ತು. ಆ ವಾರವೇ ಆಸ್ಪತ್ರೆ ಸೇರಿದಳು. ತಿರುಗಿ ಬರಲಿಲ್ಲ.

ಗಂಡ ತೆಯೋಡುಲ್ ಆ ಗಂಟನ್ನು ಬಿಚ್ಚಲಿಲ್ಲ. ಅವಳ ಕೈ ಹಾಕಿದ ಕೊನೆಯ ಗಂಟು ಅದು. ಹಿಮಕ್ಕೆ ಹೊರಟಾಗಲೆಲ್ಲ ಕೋಟಿನೊಳಗೆ, ತನ್ನ ಬೀಪರಿನ ಪಕ್ಕದಲ್ಲೇ, ಅವಳದನ್ನೂ ಇಟ್ಟುಕೊಳ್ಳುತ್ತಿದ್ದ. ಬೇರೆ ಬೀಪರುಗಳಿಗಷ್ಟೇ ಕೇಳುವ ಕೂಗನ್ನು ಅದು ಇನ್ನೂ ಒಳಗೇ ಕೂಗುತ್ತಿದೆ ಎಂದು ನಂಬಿದ್ದ. ದೀಪ ಕಾಣುತ್ತಿರಲಿಲ್ಲ, ನಿಜ. ಉಣ್ಣೆ ದಪ್ಪ ಎಂದುಕೊಂಡ. ಬ್ಯಾಟರಿ ಎಷ್ಟು ದಿನ ಬಾಳುತ್ತದೆ ಎಂದು ಊರಿನ ಎಲ್ಲರಂತೆ ಅವನಿಗೂ ಗೊತ್ತಿತ್ತು. ಆ ಯೋಚನೆಯ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ.

ಚಳಿಗಾಲದ ಮೊದಲ ದೊಡ್ಡ ಹಿಮ ಬಿದ್ದ ಭಾನುವಾರ, ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಊರಿನವರೆಲ್ಲ ಸೇರಿ ಹಿಮದಡಿ ಸಿಕ್ಕಿದವರನ್ನು ಹುಡುಕುವ ಅಭ್ಯಾಸ ಮಾಡುವುದು ವಾಡಿಕೆ. ಚೀಸ್ ಮಾಡುವ ಆಂಬ್ರೋಸ್ ಇದರ ಮುಖಂಡ. ಕೂಗುವ ಬೀಪರೊಂದನ್ನು ಚೀಲದಲ್ಲಿಟ್ಟು ಹಿಮದಲ್ಲಿ ಹೂತು ಬಂದಿದ್ದ.

"ಎಲ್ಲಾರೂ ನಿಮ್ಮ ಬೀಪರ್ ಕೂಗೋದನ್ನ ನಿಲ್ಸಿ, ಕೇಳೋದಕ್ಕೆ ತಿರುಗಿಸ್ಕೊಳ್ಳಿ!" ಎಂದು ಅಬ್ಬರಿಸಿದ. "ಬೇಗ! ಚೀಲಕ್ಕೆ ಉಸಿರು ಕಟ್ತಾ ಇದೆ!"

ಎಲ್ಲರ ಕೈಯೂ ಎದೆಗೆ ಹೋಯಿತು. ತೆಯೋಡುಲನ ಕೈಯೂ ಹೋಯಿತು, ಮಫ್ಲರಿನ ಮೇಲೆ. ಅಯ್ಯೋ, ಇಷ್ಟು ಜನರ ಬೀಪರಿಗೆ ಇದರ ಕೂಗು ಕೇಳಿಸುತ್ತದಲ್ಲ! ಕಂಡುಹಿಡಿದರೆ ಗಂಟು ಬಿಚ್ಚಿಸುತ್ತಾರೆ.

ಮೊದಲು ಬಂದವಳು ಕ್ರೆಸೆನ್ಸಳ ತಂಗಿ ಲುಡ್ವೀನಾ. "ಭಾವ, ಸ್ವಲ್ಪ ಸರೀರಿ. ಬೀಪರಿನ ಬಾಣ ನಿಮ್ಮ ಕಾಲಡೀನೇ ತೋರಿಸ್ತಿದೆ."

ಸರಿದ. ಬಾಣವೂ ಸರಿಯಿತು. ಲುಡ್ವೀನಾಳ ಹಿಂದೆ ಬೇಕರಿಯ ಸಿರಿಲ್, ಸಿರಿಲನ ಹಿಂದೆ ಮಿಕ್ಕವರೆಲ್ಲ, ಉಪ್ಪಿನ ಚೀಲ ಹಿಡಿದವನನ್ನು ಕಂಡ ಆಡುಗಳ ಹಾಗೆ ಬೆನ್ನು ಹತ್ತಿದರು. ತೆಯೋಡುಲ್ ಫರ್ ಮರದ ಕಡೆ ಓಡಿದ. ಊರೂ ಓಡಿತು.

"ಏ ತೆಯೋ, ನಿಂತ್ಕೊಳ್ಳೋ! ಹೂತುಹೋದೋನು ಹಿಂಗೆ ಓಡಾಡಲ್ಲ ಕಣಯ್ಯಾ!" ಎಂದ ಆಂಬ್ರೋಸ್.

ಸಿರಿಲ್ ಹುಡುಕುವ ಉದ್ದ ಸಲಾಕೆಯನ್ನು ಹಿಮಕ್ಕೆ ಚುಚ್ಚಿದ. "ಸಿಕ್ತು! ಮೆತ್ತಗಿದೆ!"

"ಅದು ನನ್ನ ಕಾಲು," ಎಂದ ತೆಯೋಡುಲ್.

ಅತ್ತ ಚೀಲ ಯಾರಿಗೂ ಬೇಡವಾಗಿ ಹಿಮದಡಿಯಲ್ಲೇ ಬಿದ್ದಿತ್ತು.

"ಕೋಟಲ್ಲಿ ಏನಿದೆ, ತೆಗಿ," ಎಂದು ಆಂಬ್ರೋಸ್ ಎದುರು ನಿಂತ.

ಕೆಂಪು ಮಫ್ಲರ್ ಹೊರಬಂತು. "ಕ್ರೆಸೆನ್ಸಳದು. ಅವಳು... ಆರಿಸಿರ್ಲಿಲ್ಲ."

ಯಾರೋ ಟೋಪಿ ತೆಗೆದರು. ಆಂಬ್ರೋಸನ ದನಿ ಇಳಿಯಿತು. "ಆರಿಸ್ಲೇಬೇಕು ಮಾರಾಯ. ನಾಳೆ ನಿಜವಾಗ್ಲೂ ಯಾರಾದ್ರೂ ಒಳಗೆ ಸಿಕ್ಕೊಂಡ್ರೆ, ನಾವು ಇದರ ಹಿಂದೆ ಓಡ್ತೀವಿ. ಅಲ್ಲಿ ಅವನು ಸಾಯ್ತಾನೆ."

"ಅವಳಿದ್ದಿದ್ರೂ ಇದನ್ನೇ ಹೇಳ್ತಿದ್ಲು," ಎಂದ ತೆಯೋಡುಲ್. ಕೈಗವಸು ತೆಗೆದು, ಯಾರನ್ನೂ ಮುಟ್ಟಗೊಡದೆ, ಮರಗಟ್ಟಿದ ಬೆರಳುಗಳಿಂದ ಗಂಟನ್ನು ತಾನೇ ಬಿಚ್ಚಿದ. ಅದು ಸುಲಭವಾಗಿ ಬಿಚ್ಚಿಕೊಂಡಿತು. ಇಷ್ಟು ಸಡಿಲವಾಗಿತ್ತೆಂದು ಅವನಿಗೆ ಗೊತ್ತಿರಲಿಲ್ಲ.

ಒಳಗೆ ದೀಪವಿರಲಿಲ್ಲ. ಆಂಬ್ರೋಸ್ ಗುಂಡಿ ಒತ್ತಿದ, ಹಿಂದಿನ ಮುಚ್ಚಳ ತೆಗೆದ. ಬ್ಯಾಟರಿ ಸೋರಿ ಬಿಳಿ ಪುಡಿಯಾಗಿತ್ತು.

"ಇದು ಸತ್ತು ಎಷ್ಟೋ ತಿಂಗಳಾಗಿದೆ, ತೆಯೋ."

"ಮತ್ತೆ ನಂದು ಈಗ್ಲೂ ಇವರನ್ನೇ ತೋರಿಸ್ತಿದ್ಯಲ್ಲ?" ಎಂದ ಸಿರಿಲ್.

ಲುಡ್ವೀನಾ ಭಾವನ ಕೋಟಿನೊಳಗೆ ಕೈಹಾಕಿ ಅವನದೇ ಬೀಪರನ್ನು ಹೊರಗೆಳೆದಳು. ಅದು ಹಸಿರು ದೀಪ ಮಿನುಗಿಸುತ್ತ ಗಟ್ಟಿಯಾಗಿ, ಆರೋಗ್ಯವಾಗಿ ಕೂಗುತ್ತಿತ್ತು.

"ಕೇಳೋದಕ್ಕೆ ತಿರುಗಿಸ್ಲೇ ಇಲ್ವಾ ಭಾವ?"

"ಪ್ರತಿ ಸಲ ಅವಳು ಕೇಳ್ತಿದ್ಲು," ಎಂದ ಅವನು, "ತಿರುಗಿಸಿದ್ಯಾ ಅಂತ."

ಲುಡ್ವೀನಾ ಮಫ್ಲರ್ ಇಸಿದುಕೊಂಡಳು. "ಕೊಡಿ, ಮುಂಚಿನ ಹಾಗೇ ಕಟ್ಕೊಡ್ತೀನಿ." ಕಟ್ಟಿಕೊಟ್ಟಳು. ಅಕ್ಕನಿಗಿಂತ ಬಿಗಿಯಾದ, ಒಳ್ಳೆಯ ಗಂಟು. ತೆಯೋಡುಲ್ ಅದನ್ನು ಕೋಟಿನೊಳಗೆ ಇಟ್ಟುಕೊಂಡ.

"ಇನ್ನೊಂದ್ಸಲ! ಎಲ್ಲಾರೂ ತಿರುಗಿಸ್ಕೊಳ್ಳಿ!" ಎಂದು ಆಂಬ್ರೋಸ್ ಕೂಗಿದ.

ತೆಯೋಡುಲ್ ಅಭ್ಯಾಸಬಲದಿಂದ ಒಂದು ಕ್ಷಣ, ಅವಳು ನಿಲ್ಲುತ್ತಿದ್ದ ಎಡಕ್ಕೆ ಕಿವಿಕೊಟ್ಟು ಕಾದ. ಆಮೇಲೆ ತಾನೇ ತಿರುಗಿಸಿದ. ಬಾಣ ಸುತ್ತು ಹೊಡೆದು, ದೂರದ ಚೀಲದ ಕಡೆ ನೆಟ್ಟಗೆ ನಿಂತಿತು. ಎದೆಯ ಮೇಲಿನ ಗಂಟಿನ ಕಡೆ ಒಮ್ಮೆಯೂ ತಿರುಗಲಿಲ್ಲ.