ನನ್ನ ಕೈ, ಗೇಟಿನವನ ಕುತ್ತಿಗಿ

ಶಹಾಪುರದ ಹಳೇ ಕುಸ್ತಿ ತಾಲೀಮು ಖೋಲಿಯಾಗ ಮಂದಿ ಮೈ ತಿಕ್ಕೋದೇ ನನ್ನ ಕೆಲಸ, ಅದಕ್ಕ ಎಲ್ಲಾರೂ ವಸ್ತಾದ್ ಅಂತಾರ. ಬರೋವಾಗ ನೋವು ತಗೊಂಡು ಬರ್ತಾರ, ಹೋಗೋವಾಗ ನಗೂವಂಥಾದ್ದು ಏನರ ಒಂದು ಬಿಟ್ಟು ಹೋಗ್ತಾರ. ಕೆನಾಲಿನ ನೀರು ಬಂದು ನಮ್ಮ ಕಡಿ ಭತ್ತ ಹಚ್ಚೋದು ಸುರು ಆದ ಮ್ಯಾಲಂತೂ ಎರಡಕ್ಕೂ ಕಮ್ಮಿ ಇಲ್ಲ. ನಂದೂ ಎರಡು ಎಕರೆ ಭತ್ತ ಅದ, ಕಾಲುವಿಯ ಕಟ್ಟಕಡೀಗಿ. ನೀರು ಬಂದ್ರ ಬಂತು, ಇಲ್ಲಂದ್ರ ಇಲ್ಲ.

ಆದ್ರ ನನ್ನ ಕೈ ಮ್ಯಾಲ ನನಗ ಪೂರಾ ಭರೋಸಾ. ಬಿಗಿದ ಮಾಂಸಖಂಡ ಸಡ್ಲ ಮಾಡ್ತೀನಿ, ನೋವು ಕಮ್ಮಿ ಮಾಡ್ತೀನಿ, ಛಲೋ ನಿದ್ದಿ ಬರಸ್ತೀನಿ. ಮುರಿದ ಎಲುಬು ಕೂಡಸೂದು, ಹೊಟ್ಟಿ ಕರಗಸೂದು ನನ್ನ ಕೆಲಸ ಅಲ್ಲ. ಇಷ್ಟು ಹೇಳಿದ್ರ ಯಾರು ಕೇಳ್ತಾರ?

ಟಕ್

ಸುರಪುರದ ಒಬ್ಬರು ಸಾಲಿ ಮಾಸ್ತರ್ರು ಸೊಂಟ ಹಿಡ್ಕೊಂಡು ಬಂದ್ರು. "ನರದ ಮ್ಯಾಲ ನರ ಏರ್ಯಾವ, ಇಳಸ್ರಿ ವಸ್ತಾದ್."

"ನರ ಏನು ಏಣಿ ಹತ್ತತಾವೇನ್ರಿ ಸರ? ಬಗ್ಗಿ ಕುಂತು ಪೇಪರ ತಿದ್ದಿ ತಿದ್ದಿ ಮಾಂಸ ಗಂಟು ಕಟ್ಟ್ಯಾದ" ಅಂದೆ. ಬೆಚ್ಚನ ಎಣ್ಣಿ ಹಚ್ಚಿ, ಮೊದಲ ಅಂಗೈಲೆ ಹಗೂರ, ಆಮ್ಯಾಲ ಹೆಬ್ಬೆರಳಿಲೆ ಒತ್ತಿ, ಅರ್ಧಾ ತಾಸು ತಿಕ್ಕಿದೆ. ಮಾಸ್ತರ್ರು ಎದ್ದು ಬಗ್ಗಿದ್ರು, ತಮ್ಮ ಕಾಲು ತಾವೇ ಮುಟ್ಟಿದ್ರು. ಆದ್ರ ಮಾರಿ ಸಣ್ಣದು ಮಾಡ್ಕೊಂಡ್ರು.

"ಟಕ್ ಅನ್ನಲಿಲ್ಲಲ್ರೀ?"

"ನೋವು ಹೋಯ್ತಿಲ್ರಿ?"

"ಹೋಗ್ಯಾದ. ಟಕ್ ಅನ್ನಲಾರದ ಹ್ಯಾಂಗ ಹೋಯ್ತು?"

ನನಗ ಸಿಟ್ಟು ಬಂತು. ಮತ್ತ ಬೋರಲ ಮಲಗಿಸಿ, ಅವರ ಸೊಂಟದ ಹತ್ರ ನನ್ನ ಬೆರಳು ನಾನೇ ಟಕ್ ಅನ್ನಿಸಿದೆ. "ಹಾಂ! ಈಗ ಇಳೀತು ನೋಡ್ರಿ!" ಅಂತ ಜಿಗಿದು ಎದ್ರು. ಮರುವಾರ ತಮ್ಮ ಸಣ್ಣ ತಮ್ಮನ್ನ ಕರ್ಕೊಂಡು ಬಂದ್ರು. "ಇವಂದು ಜರಾ ಹಳೇ ನೋವು. ಎರಡು ಟಕ್ ಬೇಕಾಗ್ತಾವ."

ಪ್ಲಾಸ್ಟರ್

ನಮ್ಮ ಬಾಜೂ ಹೊಲದ ಕಾಕಾ ಕೆನಾಲ ದಂಡಿ ಮ್ಯಾಲ ಜಾರಿ ಬಿದ್ದ. ಮುಂಗೈ ಬಾತಿತ್ತು. "ತಿಕ್ಕು" ಅಂದ.

"ಬಾತ ಕೈ ನಾ ಮುಟ್ಟೂದಿಲ್ಲ. ಯಾದಗಿರಿಗಿ ಹೋಗಿ ಎಲುಬಿನ ಫೋಟೊ ತಗಸು ಕಾಕಾ."

"ಕೈಗುಣ ಅದ ಅಂತ ಬಂದ್ರ ಬಸ್ ಹತ್ತಸ್ತಿ!" ಅಂತ ಬೈಕೋತ ಹೋದ. ನೋಡಿದ್ರ ಎಲುಬು ಬಿರುಕು ಬಿಟ್ಟಿತ್ತು. ಮರುದಿನ ಮೊಣಕೈ ತನಕ ಪ್ಲಾಸ್ಟರ್ ಹಾಕಿಸ್ಕೊಂಡು ಬಂದು ನನ್ನ ಮುಂದ ಕೈ ಚಾಚಿದ.

"ಡಾಕ್ಟರ್ ಕೆಲಸ ಮುಗೀತು. ಈಗ ಇದರ ಮ್ಯಾಲ ನೀ ಎಣ್ಣಿ ತಿಕ್ಕು. ಜರಾ ಜಾಸ್ತಿ ಹಾಕು, ಒಳಗ ಇಳೀಬೇಕು."

ತಪ್ಪಿದ ಪಾಳಿ

ಕೈ ಕೊರಳಿಗಿ ಕಟ್ಕೊಂಡು ತಿರುಗಾಡಿ ಕಾಕಾನ ಹೆಗಲು ಬಿಗಿದಿತ್ತು. ಪ್ಲಾಸ್ಟರ್ ತಗದ ಮ್ಯಾಲೂ ಕೈ ಕಿವಿ ತನಕ ಏರವಲ್ದಾಗಿತ್ತು. ಒಂದಿನ ಮಧ್ಯಾಹ್ನ ಬಂದ. "ಮೂರಕ್ಕ ನನ್ನ ನೀರಿನ ಪಾಳಿ ಅದ, ಲಗೂನ ತಿಕ್ಕು." ತಿಕ್ಕಿದೆ. ಹತ್ತು ಮಿನಿಟಿಗಿ ಗೊರಕಿ ಸುರು ಆಯ್ತು. ಎಚ್ಚರ ಆದಾಗ ಹೊತ್ತು ಮುಳುಗಾಕತ್ತಿತ್ತು.

"ಯಪ್ಪಾ, ನನ್ನ ಪಾಳಿ!"

"ನಿದ್ದಿ ಬಂತಂದ್ರ ತಿಕ್ಕಿದ್ದು ಮೈಗಿ ಹತ್ತ್ಯಾದ ಅಂತ ತಿಳ್ಕೋ ಕಾಕಾ" ಅಂದೆ, ಎದಿ ಉಬ್ಬಿಸಿ.

ಬೈದಾನ, ಬೈದಾನ, ಅಷ್ಟಿಷ್ಟಲ್ಲ. ನಾ ಮಾತ್ರ ಅವನ ಕೈ ನೋಡಾಕತ್ತಿದ್ದೆ. ಕಿವಿ ತನಕ ಏರದ ಕೈ, ಬೈಯೋವಾಗ ತಲಿ ಮ್ಯಾಲ ಹೋಗಿತ್ತು.

ಗೇಟಿನವ

ಮುಂದಿನ ತಿಂಗಳು ನನ್ನ ಬುಡಕ್ಕೇ ಬಂತು. ಕಾಲುವಿಗಿ ನೀರು ಬಿಡೂ ಗೇಟಿನವನ ಕುತ್ತಿಗಿ ಹಿಡಿದಿತ್ತು, ಅರ್ಧಾ ಗೇಟು ಮಾತ್ರ ಎತ್ತಾಕತ್ತಿದ್ದ. ಕಡೀ ಹೊಲ ನಂದು, ನೀರು ಮುಟ್ಟಲೇ ಇಲ್ಲ. ಭತ್ತ ಹಳದಿ ಆಗಾಕತ್ತಿತ್ತು. "ಇನ್ನೊಂದು ಪಾಳಿ ತಪ್ಪಿದ್ರ ಬೆಳಿ ಹೋತು" ಅಂತ ಹೆಂಡ್ತಿ ಅತ್ತಳು. ನನಗೂ ಅನ್ನ ಇಳೀಲಿಲ್ಲ.

ನನ್ನ ಪಾಳಿ ದಿನ ಮುಂಜಾನೇನೆ ಎಣ್ಣಿ ಬಾಟ್ಲಿ ತಗೊಂಡು ಗೇಟಿಗಿ ಹೋದೆ. "ಇವತ್ತು ಹನ್ನೆರಡಕ್ಕ ಪೂರಾ ಎತ್ತೂ ಹಂಗ ಮಾಡ್ತೀನಿ, ಕುಂದರ್ರಿ" ಅಂದೆ. ಬೇವಿನ ನೆರಳಾಗ ಕುಂದರಿಸಿ, ಬಿಸಿನೀರಿನ ಅರಿವಿ ಹಾಕಿ, ಹೆಗಲಿನಿಂದ ಕುತ್ತಿಗಿ ತನಕ ತಿಕ್ಕಿದೆ. ಜನ್ಮದಾಗ ಅಷ್ಟು ಛಲೋ ಯಾರಿಗೂ ತಿಕ್ಕಿಲ್ಲ. ಆಮ್ಯಾಲ ನೀರು ತಿರುವಾಕ ಸಲಕಿ ಹಿಡ್ಕೊಂಡು ಓಡಿ ಹೋಗಿ ಹೊಲದ ಬದುವಿನ ಮ್ಯಾಲ ನಿಂತೆ.

ಹನ್ನೆರಡಾಯ್ತು. ಒಂದಾಯ್ತು. ಒಂದು ಹನಿ ಇಲ್ಲ. ನನ್ನ ಪಾಳಿ ಆದ ಮ್ಯಾಲ ಕಾಕಾನ ಪಾಳಿ, ಅವನೂ ಬಾಜೂ ಬದುವಿನ ಮ್ಯಾಲ ಕಾಯಾಕತ್ತಿದ್ದ. ಇಬ್ಬರೂ ಓಡಿದ್ವಿ. ನೋಡಿದ್ರ ಗೇಟಿನವ ಬೇವಿನ ಬುಡಕ ಗೊರಕಿ ಹೊಡ್ಯಾಕತ್ತಾನ, ಗೇಟಿನ ಕೀಲಿ ಅವನ ಸೊಂಟದ ಕೆಳಗ!

"ಏಳ್ರೀ, ನನ್ನ ಭತ್ತ ಸಾಯಾಕತ್ತಾದ!" ಅಂತ ಅಲಗಾಡಿಸಿದೆ. ನಿದ್ದಿಯಾಗೇ ನಕ್ಕ. ಕುತ್ತಿಗಿ ಈ ಕಡಿಯಿಂದ ಆ ಕಡಿಗಿ ಆರಾಮ ತಿರುಗಿಸಿ ಮತ್ತ ಮಲಗಿದ.

"ಮೈಗಿ ಹತ್ತ್ಯಾದ ನೋಡು" ಅಂದ ಕಾಕಾ.

ತಂಬಿಗಿ ನೀರು ಮಾರಿಗಿ ಸುರುವಿ ಎಬ್ಬಿಸಿದ್ವಿ. ಎದ್ದಾವನೇ ಗೇಟು ಪೂರಾ ಎತ್ತಿಬಿಟ್ಟ. ಸಂಜಿಗಿ ನನ್ನ ಹೊಲಕ್ಕ ನೀರು ಮುಟ್ಟಿದಾಗ ಖುಷಿಗಿ ಕಣ್ಣಾಗ ನೀರು ಬಂತು. ಬೆಳಿ ಉಳೀತು.

ಮರುದಿನ ಗೇಟಿನವ ಕುತ್ತಿಗಿ ತಿರುವಿ ತಿರುವಿ ತೋರಿಸಿ, "ಭೇಷ್ ಆಗ್ಯಾದ ವಸ್ತಾದ್, ಮುಂದಿನ ಪಾಳಿಗೂ ಬರ್ರಿ" ಅಂದ. ನಾ ಹೂಂ ಅನ್ನೂದರಾಗ ಕಾಕಾ ನಡುವ ಬಂದು ನಿಂತ.

"ಅವನ್ನ ಕರೀಬ್ಯಾಡ. ನಾ ಬಂದು ತಿಕ್ಕತೀನಿ. ನನಗ ತಿಕ್ಕಾಕ ಬರೂದಿಲ್ಲ, ಊರಿಗಿ ನೀರರ ಬರ್ತದ."