ಅಭಿನಯ ಶಿಬಿರದ ನಿರ್ದೇಶಕರಿಗೆ, ನನ್ನ ಕುತ್ತಿಗೆಯ ಪರವಾಗಿ

ಚಳ್ಳಕೆರೆ,
ಮಾರ್ಚ್ ೧೯೯೮

ಮಾನ್ಯ ಶ್ರೀ ಅಮರೇಶ್ ಅವರ ಸನ್ನಿಧಿಗೆ, ನಾಟಕದ ಕಲಾವಿದೆ ಗಂಗಲಕ್ಷ್ಮಿ ಮಾಡುವ ಅನಂತ ನಮಸ್ಕಾರಗಳು. ನನ್ನ ಕುತ್ತಿಗೆಯೊಂದನ್ನು ಬಿಟ್ಟು ಇಲ್ಲಿ ಉಳಿದೆಲ್ಲವೂ ಕ್ಷೇಮ.

ಮಾನ್ಯರೇ, ತಾವು ಮೊಳಕಾಲ್ಮೂರಿನಲ್ಲಿ ಇಪ್ಪತ್ತು ದಿನ ಶಿಬಿರ ನಡೆಸಿ ನಮ್ಮ ಕಡೆಯವರಿಗೆ ನಟನೆಯ ನಿಜವಾದ ದಾರಿ ತೋರಿಸಿದ್ದಕ್ಕೆ ಎರಡು ತಾಲ್ಲೂಕುಗಳೂ ತಮಗೆ ಋಣಿ. ಸಮಾರೋಪದ ನಾಟಕಕ್ಕೆ ನಾಯಕಿ ಸಿಗದೆ, ಇಪ್ಪತ್ತೆರಡು ವರ್ಷಗಳಿಂದ ಊರೂರು ತಿರುಗಿ ಬಣ್ಣ ಹಚ್ಚುತ್ತಿರುವ ನನ್ನನ್ನು ಕರೆಸಿಕೊಂಡಿದ್ದು ತಮ್ಮ ದೊಡ್ಡತನ. ನಾನು ಬೆಳಗಿನ ಬಸ್ಸಿಗೆ ಬಂದು, ಮಾತು ಬಾಯಿಪಾಠ ಮಾಡಿ, ಖಳನಾಯಕ ನನ್ನ ಕತ್ತು ಹಿಸುಕುವ ದೃಶ್ಯವನ್ನು ಒಮ್ಮೆ ಮಾಡಿ ನೋಡೋಣವೇ ಎಂದು ಕೇಳಿದಾಗ, ತಾವು ನಕ್ಕು, "ಅದೆಲ್ಲ ಹಳೇ ಕಂಪನಿ ಪದ್ಧತಿ ಮೇಡಂ. ನಮ್ಮ ಓಬಳೇಶ್ ಪಾತ್ರವೇ ಆಗಿಬಿಡ್ತಾನೆ, ನೀವು ಸುಮ್ನೆ ಅನುಭವಿಸಿ" ಎಂದು ಅಪ್ಪಣೆ ಕೊಡಿಸಿದಿರಿ.

ಅನುಭವಿಸಿದೆ.

ನನಗೆ ನಾಟಕ ಕಲಿಸಿದ ಮುದ್ದಕ್ಕ ಓದು ಬಾರದವಳು. ಹಿಸುಕುವವನ ಕೈ ಗಂಟಲಿನ ಮೇಲಲ್ಲ, ಅದರ ಕೆಳಗಿನ ಮೂಳೆಯ ಮೇಲಿರಬೇಕು, ಅವನ ಮಣಿಕಟ್ಟು ಸಾಯುವವಳ ಹಿಡಿತದಲ್ಲಿರಬೇಕು ಎಂಬುದು ಅವಳ ಪಾಠ. "ಜನ ಅಳ್ಬೇಕು ಕಣೆ, ನೀನಲ್ಲ. ನೀನು ನಾಳೆ ಇನ್ನೊಂದೂರಾಗೆ ಸಾಯ್ಬೇಕು" ಎನ್ನುತ್ತಿದ್ದಳು. ಇಂಥ ಅಜ್ಞಾನದಲ್ಲಿ ಬೆಳೆದ ನಾನು, ದೊಡ್ಡಉಳ್ಳಾರ್ತಿಯ ಹುಲ್ಲುಗಾವಲಿನಲ್ಲಿ ಕುರಿ ಕಾಯುವ, ಕೊಬ್ಬಿದ ಟಗರನ್ನು ಒಂದೇ ಕೈಯಲ್ಲಿ ಕೆಡವುವ ಓಬಳೇಶನ ಎದುರು ಆ ಸಂಜೆ ನಿಂತೆ.

ಅವನು ನಿಜಕ್ಕೂ ಪಾತ್ರವೇ ಆದ. ಕಣ್ಣು ಕೆಂಡವಾಯಿತು, ಹತ್ತು ಬೆರಳೂ ಗಂಟಲಿಗೇ ಬಿದ್ದವು. ಬಿಡು ಎಂದು ಮಣಿಕಟ್ಟು ಚಿವುಟಿದರೆ, ನಾನು ಬಹಳ ಚೆನ್ನಾಗಿ ಅನುಭವಿಸುತ್ತಿದ್ದೇನೆಂದು ತಿಳಿದು ಇನ್ನಷ್ಟು ಒತ್ತಿದ. ಮುಂದೆ ಕುಳಿತಿದ್ದ ಮಗ್ಗದ ಮನೆಯ ನಿಂಗಕ್ಕ ಎದ್ದುನಿಂತು, "ಲೇ ಬಿಡಲೇ, ಸಾಯ್ತಾಳೆ!" ಎಂದು ಕೂಗಿದಳು. ಪರದೆಯ ಪಕ್ಕದಲ್ಲಿ ತಾವು ಕಣ್ಣು ಮುಚ್ಚಿ ಆ ಸತ್ಯವನ್ನು ಸವಿಯುತ್ತಿದ್ದಿರಿ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ನನಗೆ ರಂಗದ ಮೇಲೆ ಭಯವಾಯಿತು, ಮಾನ್ಯರೇ. ಮಗಳು ಸ್ವಪ್ನಳ ಮುಖ ಕಣ್ಣೆದುರು ಬಂತು.

ಉಳಿದಿದ್ದ ಉಸಿರಿನಲ್ಲಿ ಅವನ ಮಣಿಕಟ್ಟಿನಿಂದ ನನ್ನ ಎರಡೂ ಕೈ ತೆಗೆದು ಒಂದು ಏಟು ಕೊಟ್ಟೆ. ಅದು ಮೈದಾನದ ಕೊನೆಯವರೆಗೂ ಕೇಳಿಸಿತು. ಓಬಳೇಶ್ ಬೆಚ್ಚಿ, ಕೈ ಬಿಟ್ಟು, ಕುಸಿದು ಕುಳಿತು ಗೊಳೋ ಎಂದು ಅತ್ತ. ಜನ ಸಿಳ್ಳೆ ಹೊಡೆದರು. ತಾವು ಮೈಕ್ ಹಿಡಿದು ಓಡಿಬಂದು, "ನೋಡಿ, ಈ ಏಟು ಒಳಗಿನಿಂದ ಬಂತು! ಇದನ್ನು ಯಾರೂ ಕಲಿಸೋಕಾಗಲ್ಲ!" ಎಂದು ಸಾರಿದಿರಿ.

ಮಾನ್ಯರೇ, ಆ ಏಟು ಅವನ ಕೆನ್ನೆಗೆ ತಾಗಲೇ ಇಲ್ಲ. ಅವನ ಕೆನ್ನೆಯ ಪಕ್ಕಕ್ಕೆ ನನ್ನ ಎಡ ಅಂಗೈ ತಂದು ಅದಕ್ಕೆ ನಾನೇ ಹೊಡೆದುಕೊಂಡೆ. ಅದನ್ನು ಕಲಿಸಲು ಮುದ್ದಕ್ಕನಿಗೆ ಮೂರು ತಿಂಗಳು ಹಿಡಿದಿತ್ತು.

ನಾಟಕ ಮುಗಿದ ಮೇಲೆ ಓಬಳೇಶ್ ಒಂದು ಲೋಟ ಬಿಸಿ ಹಾಲು ಹಿಡಿದು ಬಂದು ತಲೆ ತಗ್ಗಿಸಿ ನಿಂತ. "ಅಕ್ಕಾ, ತಪ್ಪಾತು. ಸಾರ್ ನಂಗೆ ಪಾತ್ರದೊಳಕ್ಕೆ ಹೋಗೋದು ಹೇಳ್ಕೊಟ್ರು, ಹೊರಕ್ಕೆ ಬರೋದು ಹೇಳ್ಕೊಡ್ಲಿಲ್ಲ" ಎಂದ. ನನ್ನ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಒಂದು ಮಾತು ಒಪ್ಪಿಕೊಳ್ಳುತ್ತೇನೆ: ಅವನ ಕಣ್ಣಲ್ಲಿ ಕಂಡ ಆ ಕಿಚ್ಚನ್ನು ನಾನು ನಮ್ಮ ಕಂಪನಿಯ ಯಾವ ಖಳನಾಯಕನಲ್ಲೂ ಕಂಡಿರಲಿಲ್ಲ. ಅದನ್ನು ಹೊತ್ತಿಸಿದವರು ತಾವೇ. ಬಣ್ಣ ಒರೆಸಿಕೊಳ್ಳುತ್ತಲೇ ಅವನಿಗೆ ಮಣಿಕಟ್ಟಿನ ಪಾಠ ಹೇಳಿದೆ. ಮರುವಾರ ಚಳ್ಳಕೆರೆಯಲ್ಲಿ ಅದೇ ನಾಟಕ ಆಡಿದಾಗ ಹೆಂಗಸರು ಅವನಿಗೆ ಮಣ್ಣು ತೂರಿ ಶಪಿಸಿದರು. ನಾನು ಸುಖವಾಗಿ ಸತ್ತೆ.

ಆದ್ದರಿಂದ ಮುಂದಿನ ಶಿಬಿರದಲ್ಲಿ ಪಾತ್ರದಿಂದ ಹೊರಬರುವುದಕ್ಕೂ ಒಂದು ತರಗತಿ ಇಡಬೇಕೆಂದೂ, ಅದನ್ನು ನನಗೇ ಒಪ್ಪಿಸಬೇಕೆಂದೂ, ಅಭ್ಯಾಸಕ್ಕೆ ತಮ್ಮ ಅಮೂಲ್ಯ ಕುತ್ತಿಗೆಯನ್ನೇ ಒದಗಿಸಬೇಕೆಂದೂ ಕೈಮುಗಿದು ಪ್ರಾರ್ಥಿಸುತ್ತೇನೆ.

ಇನ್ನೂ ಕೊಂಚ ಒಡಕು ದನಿಯಲ್ಲಿ,
ತಮ್ಮ ವಿಶ್ವಾಸಿ,
ಗಂಗಲಕ್ಷ್ಮಿ

ಮರೆತ ಮಾತು: ಶಿಬಿರದಲ್ಲಿ ತಾವು ಎಲ್ಲರಿಗೂ ದಿನವೂ ಒಂದು ಗಂಟೆ ಮರವಾಗಿ ನಿಲ್ಲುವುದನ್ನು ಕಲಿಸಿದಿರಂತೆ. ಆ ಪಾಠ ಚೆನ್ನಾಗಿ ಹತ್ತಿದೆ. ನನ್ನ ಕತ್ತು ಹಿಸುಕುವಾಗ ಬಿಡಿಸಲು ಓಡಿಬರಬೇಕಿದ್ದ ನಾಟಕದ ಇಬ್ಬರು ಅಣ್ಣಂದಿರು ಕೊನೆಯವರೆಗೂ ಒಂದೆಲೆಯನ್ನೂ ಅಲ್ಲಾಡಿಸಲಿಲ್ಲ.