ಡಿಗ್ರಿ ಬಾರದ ಹೆಡ್‌ಫೋನು

ನನ್ನ ಸೋದರಮಾವನ ಎದುರು ಹಾಡುವುದಿರಲಿ, ಕೆಮ್ಮುವ ಮುನ್ನವೂ ಯೋಚಿಸಬೇಕು. ಆ ಕೆಮ್ಮಿನಲ್ಲಿ ನೀರೆಷ್ಟು, ಗಟ್ಟಿಯೆಷ್ಟು ಎಂದು ನಿಂತ ನಿಲುವಿನಲ್ಲೇ ಹೇಳಿಬಿಡುತ್ತಾರೆ! ಹಗರೆಯ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ಅವರ ಕೆಲಸ. ನೀರು ಬೆರೆತಿದೆಯೇ ಎಂದು ಊರವರ ಹಾಲಿಗೆಲ್ಲ ಮಾಪಕ ಇಳಿಬಿಟ್ಟು ಡಿಗ್ರಿ ಹಿಡಿದು, ಫ್ಯಾಟ್ ನೋಡಿ ನೋಡಿ, ಈಗ ಲೋಕವೇ ಅವರಿಗೊಂದು ಹಾಲಿನ ಕ್ಯಾನು. ಬಸ್ಸಿನಲ್ಲಿ ಭಾಷಣ ಬಿಗಿದವನಿಗೆ, "ಡಿಗ್ರಿ ಬಂದಿಲ್ಲ." ಮದುವೆಮನೆಗಳಲ್ಲಿ ಮಿಮಿಕ್ರಿ ಮಾಡುವ ನನಗೆ? "ಫ್ಯಾಟ್ ಐತೆ ಕಣ್ಲಾ. ತಲೇಲಿ!"

ಇಂಥವರ ಇಯರ್‌ಫೋನು ಹೋದ ತಿಂಗಳು ಒಂದು ಕಡೆ ಸತ್ತುಹೋಯಿತು. ಬಲಗಡೆ ಹಾಡು, ಎಡಗಡೆ ಮೌನ. ಮಾವ ಮಾತು ಬಿಟ್ಟರು. ಭಜನಾ ಮಂಡಳಿಯ ಅಧ್ಯಕ್ಷೆಯಾದ ನಮ್ಮತ್ತೆ ಕೂಡ ಸೊಪ್ಪು ಬಿಡಿಸುತ್ತಾ ನಿಟ್ಟುಸಿರಿಟ್ಟರು. ಸತ್ತದ್ದು ಇಯರ್‌ಫೋನೋ, ಹಸುವೋ?

"ಇನ್ನೊಂದು ಕಿವೀಲಿ ಕೇಳುತ್ತಲ್ಲ ಮಾವ?" ಎಂದೆ.

"ಒಂದು ಕಿವಿ ಇಟ್ಕೊಂಡು ಏನ್ ಮಾಡಾನ್ಲಾ?" ಎಂದು ಗುರಾಯಿಸಿದರು.

ಅದೇ ವಾರ ಗಂಡಸಿ ಊರಿನ ಮದುವೆಯೊಂದರಲ್ಲಿ ನನ್ನ ಮಿಮಿಕ್ರಿಗೆ ಸಂಭಾವನೆ ಸಿಕ್ಕಿತ್ತು. ಮೊತ್ತಮೊದಲನೆಯದು! ಅಲ್ಲಿಯವರೆಗೆ ಎಲ್ಲರೂ ಊಟ ಹಾಕಿ, ಬೆನ್ನು ತಟ್ಟಿ ಕಳಿಸುತ್ತಿದ್ದರು. ಚಿಕ್ಕಂದಿನಲ್ಲಿ ನನ್ನನ್ನು ಡೇರಿಯ ಕ್ಯಾನಿನ ಮೇಲೆ ಕೂರಿಸಿ, ಸಾಲಿನಲ್ಲಿ ನಿಂತವರನ್ನೆಲ್ಲ ಅಣಕಿಸಲು ಕಲಿಸಿದ ಗುರು ಮಾವನೇ. ಹಾಗಾಗಿ ಆ ಸಂಭಾವನೆ ಅವರ ಕಿವಿಗೇ ಸೇರಬೇಕು, ಅದೂ ಇಯರ್‌ಫೋನಲ್ಲ, ದೊಡ್ಡ ಹೆಡ್‌ಫೋನಾಗಿ, ಎಂದು ಹಟ ಹಿಡಿದೆ.

ಕಷ್ಟವಿದ್ದದ್ದು ಅವರ ಮೊಬೈಲಿನಲ್ಲಿ. ನಾಗಸ್ವರ ಮುಗಿದರೆ ರ‍್ಯಾಪ್, ಗಜಲ್ ಮುಗಿದರೆ ತಮಟೆ, ಸಿತಾರ್ ಮುಗಿದರೆ ಮತ್ತೆ ರ‍್ಯಾಪ್. ಒಂದೇ ತಲೆಯೊಳಗೆ ಇವೆಲ್ಲ ಹೇಗೆ ಸಂಸಾರ ಮಾಡುತ್ತವೋ! ಇಷ್ಟಕ್ಕೂ ಒಗ್ಗಬೇಕು, ನನ್ನ ಜೇಬಿಗೂ ಎಟುಕಬೇಕು. ಅಂಥ ಹೆಡ್‌ಫೋನು ಎಲ್ಲಿದೆ?

ಮಾವನನ್ನು ಕರೆದುಕೊಂಡು ಮೊದಲು ಬೇಲೂರಿಗೆ ಹೋದೆ. ಅಂಗಡಿಯವನು ತನ್ನದೇ ಹಾಡು ಹಾಕಿ, "ಬೇಸ್ ಕೇಳಿ ಸಾರ್, ಎದೆಗೇ ಗುದ್ದುತ್ತೆ!" ಎಂದ.

"ನಿಮ್ಮನೆ ಹಾಲಿಗೆ ನೀನೇ ಡಿಗ್ರಿ ಹಿಡಿದ್ರೆ ಆಯ್ತದೇನಪ್ಪಾ? ನನ್ ಸ್ಯಾಂಪಲ್ ಹಾಕು." ನಾಗಸ್ವರ ಹಾಕಿಸಿಕೊಂಡ ಮಾವ ಕಣ್ಣು ಮುಚ್ಚಿ, ಮುಖ ಹಿಂಡಿದರು. "ಎಮ್ಮೆ ಹಾಲು. ಮೇಲೆ ಕೆನೆ ಕಟ್ಟೈತೆ, ಒಳಗಿಂದ ಉಸ್ರೇ ಬತ್ತಾ ಇಲ್ಲ."

ಹಳೇಬೀಡಿನಲ್ಲಿ ಇದರ ತದ್ವಿರುದ್ಧ. ಮಾವ ಹೆಡ್‌ಫೋನು ಏರಿಸಿ, ಅಂಗಡಿಯ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ, ಎರಡು ಕಿವಿಯ ಮೇಲೂ ಅಂಗೈ ಒತ್ತಿಕೊಂಡು ಎಷ್ಟು ಹೊತ್ತು ಕೂತರೆಂದರೆ, ದೇವಸ್ಥಾನ ನೋಡಲು ಬಂದ ಪ್ರವಾಸಿಯೊಬ್ಬರು ಇವರದೂ ಒಂದು ಫೋಟೊ ಹೊಡೆದುಕೊಂಡು ಹೋದರು! ವಿಗ್ರಹ ಕೊನೆಗೆ ಬಾಯಿ ತೆರೆಯಿತು: "ಬರೀ ನೀರು. ತಮಟೆ ಬಡೀತಾವ್ರೋ, ತಟ್ಟೆ ತೊಳೀತಾವ್ರೋ?"

ಅರಸೀಕೆರೆಯಲ್ಲಿ ಪವಾಡ ನಡೆಯಿತು. ನಾಗಸ್ವರ ಪಾಸು. ಗಜಲ್ ಪಾಸು. ತಮಟೆ, ರ‍್ಯಾಪ್, ಎಲ್ಲವೂ ಪಾಸು! "ಡಿಗ್ರಿ ಐತೆ. ಫ್ಯಾಟೂ ಐತೆ," ಎಂದರು ಮಾವ. ಬೆಲೆಯೂ ನನ್ನ ಕೈಗೆಟುಕುವಂತಿತ್ತು. ನಾನು ಜೇಬಿಗೆ ಕೈ ಹಾಕಿದೆನೋ ಇಲ್ಲವೋ, ಈ ಮಹಾನುಭಾವ ಹೆಡ್‌ಫೋನಿನ ಒಂದು ಬಟ್ಟಲನ್ನು ತಮ್ಮ ಕಿವಿಗಿಟ್ಟುಕೊಂಡು, ಇನ್ನೊಂದನ್ನು ನನ್ನ ಕಿವಿಯವರೆಗೆ ಎಳೆಯತೊಡಗಿದರು.

"ಅಯ್ಯೋ, ಮುರೀತದೆ ಯಜಮಾನ್ರೇ!" ಎಂದರು ಅಂಗಡಿಯವರು.

"ಅಲ್ವಾ? ಹಂಗಾದ್ರೆ ಬ್ಯಾಡ."

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಅಂಗಡಿಯಲ್ಲೇ ಮಾವನಂತೆ ಕಣ್ಣು ಮುಚ್ಚಿ, ಮೂಗು ಅರಳಿಸಿ, "ಡಿಗ್ರಿ ಐತೆ, ಫ್ಯಾಟ್ ಐತೆ, ಹಸು ಮಾತ್ರ ಬ್ಯಾಡ!" ಎಂದೆ. ಅಂಗಡಿಯವರು ಬಿದ್ದು ಬಿದ್ದು ನಕ್ಕರು. ಮಾವನೂ ನಕ್ಕರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಕಳ್ಳನಂತೆ ಪಿಸುಗುಟ್ಟಿದರು: "ಆ ಡಬಡಬ ಹಾಡು ನಂದಲ್ಲ ಕಣ್ಲಾ. ನಿಮ್ಮತ್ತೇದು."

ಏನು! ಭಜನಾ ಮಂಡಳಿಯ ಅಧ್ಯಕ್ಷೆಯದು ರ‍್ಯಾಪು?

"ತಮಟೇನೂ ಅವಳ್ದೇ. ಫೋನಲ್ಲಿ ಜೋರಾಗಿ ಹಾಕಿದ್ರೆ ಮಂಡಳಿಯವ್ರಿಗೆ ಕೇಳ್ಸಲ್ವಾ? ಸಂಜೆ ಹಾಲಿನ ಗಾಡಿ ಹೋದ್ಮೇಲೆ ಜಗಲೀಲಿ ಕೂತ್ಕೋತೀವಿ. ಒಂದು ಕಿವಿ ಅವಳಿಗೆ, ಒಂದು ನಂಗೆ. ಒಂದು ಹಾಡು ನಂದು, ಒಂದು ಅವಳ್ದು. ಈ ಹೆಡ್‌ಫೋನೆಲ್ಲ ಒಂಟಿ ತಲೆಗೆ ಮಾಡಿರೋವು ಕಣ್ಲಾ."

"ಅಷ್ಟೇ ತಾನೇ? ವೈರಿಲ್ಲದ ಪುಟ್ಟ ಬಡ್ಸ್ ಬರುತ್ತೆ ಮಾವ. ಒಂದೊಂದು ಕಿವಿಗೆ ಒಂದೊಂದು!"

ಮಾವ ಗಾಜಿನೊಳಗಿನ ಬಡ್ಸನ್ನು ಬಗ್ಗಿ ನೋಡಿದರು.

"ವೈರಿಲ್ದಿದ್ರೆ ಅವಳು ಪಾತ್ರೆ ತೊಳೀತಾ ಕೇಳ್ತಾಳೆ, ಕಸ ಗುಡಿಸ್ತಾ ಕೇಳ್ತಾಳೆ. ವೈರಿದ್ರೆ ಕೂತಿರ್ತಾಳೆ."

ಆ ಹೆಡ್‌ಫೋನಿನ ಕಂಪನಿಯದೇ ವೈರಿನ ಇಯರ್‌ಫೋನು ಕೊಂಡೆವು. ಎಲ್ಲ ಸ್ಯಾಂಪಲ್ಲೂ ಪಾಸಾದ ಮೇಲೆಯೇ ಅನ್ನಿ!

ಅಂದು ಸಂಜೆ ಜಗಲಿಯಲ್ಲಿ ಅತ್ತೆಯ ಹಾಡಿನ ಸರದಿ. ಅಧ್ಯಕ್ಷೆ ತೊಡೆಯ ಮೇಲೆ ತಾಳ ಹಾಕುತ್ತಿದ್ದರು, ಮಾವ ಹಾಗಲಕಾಯಿ ಜಗಿದವರಂತೆ ಮುಖ ಮಾಡಿಕೊಂಡು ತಲೆದೂಗುತ್ತಿದ್ದರು. "ಅಯ್ಯೋ, ಒಲೆ ಮೇಲೆ ಹಾಲಿಟ್ಟಿದ್ದೆ!" ಎಂದು ಅತ್ತೆ ಏಳಹೋದರು. ವೈರು ಬಿಗಿಯಿತು. ಮತ್ತೆ ಕೂತರು.

ಒಳಗೆ ಹಾಲು ಉಕ್ಕಿ ಸುರಿಯತೊಡಗಿತು. ಡೇರಿಯಲ್ಲಿ ಒಂದು ತೊಟ್ಟು ಚೆಲ್ಲಿದರೂ ಊರನ್ನೇ ತಲೆಯ ಮೇಲೆ ಹೊರುವ ಮಾವ ಕದಲಲಿಲ್ಲ. ನಾನೇ ಹೋಗಿ ಒಲೆ ಆರಿಸಿದೆ.